ಪ್ಯಾರಸಿಟಮಾಲ್ ಮಿತಿಮೀರಿದಾಗ ಲಿವರ್ ಕೋಶದೊಳಗೆ

ಕೇಳುಗರಿಗೆ ನಮಸ್ಕಾರ.

ಜ್ವರ, ಮೈಕೈ ನೋವು ಎಂದರೆ ಮೊದಲು ಕೈ ಹೋಗುವುದು ಪ್ಯಾರಸಿಟಮಾಲ್ ಮಾತ್ರೆಗೆ. ಅಳತೆ ಮೀರದಿದ್ದರೆ ಅದು ಒಳ್ಳೆಯ ಔಷಧವೇ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ. 650 ಮಿಲಿಗ್ರಾಂನ ಆರು ಮಾತ್ರೆ ನುಂಗಿದರೆ 3.9 ಗ್ರಾಂ ಆಯಿತು. ನೆಗಡಿ ಮಾತ್ರೆಗಳಲ್ಲೂ ಹಲವು ಸಲ ಪ್ಯಾರಸಿಟಮಾಲ್ ಬೆರೆತಿರುತ್ತದೆ. ಅಂಥದ್ದೊಂದು ಸೇರಿದರೆ ಮಿತಿ ದಾಟಿದಂತೆಯೇ. ಒಂದೇ ಸಲಕ್ಕೆ ದೇಹತೂಕದ ಪ್ರತಿ ಕಿಲೋಗೆ 150 ಮಿಲಿಗ್ರಾಂ ಮೀರಿತೆಂದರೆ ಲಿವರ್‌ಗೆ ಅಪಾಯ.

ಔಷಧದ ಬಹುಪಾಲನ್ನು ಲಿವರ್ ನಿರಪಾಯ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಸ್ವಲ್ಪ ಭಾಗ ಮಾತ್ರ ಸಿವೈಪಿ2ಇ1 ಎಂಬ ಕಿಣ್ವಕ್ಕೆ ಸಿಕ್ಕಿ ನ್ಯಾಪ್‌ಕ್ವಿ ಎಂಬ ವಿಷವಾಗುತ್ತದೆ. ಆ ವಿಷವನ್ನು ಹಿಡಿದು ಕಟ್ಟಿಹಾಕುವುದು ಕೋಶದಲ್ಲಿರುವ ಗ್ಲುಟಾಥಯೋನ್. ಅದು ಮುಗಿಯುತ್ತ ಬಂದರೆ ನ್ಯಾಪ್‌ಕ್ವಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಹೊಟ್ಟೆಗಿಲ್ಲದೆ ಸೊರಗಿದವರಲ್ಲಿ, ವರ್ಷಗಟ್ಟಲೆ ಮದ್ಯ ಕುಡಿದವರಲ್ಲಿ ಗ್ಲುಟಾಥಯೋನ್ ಮೊದಲೇ ಕಡಿಮೆ ಇರುತ್ತದೆ.

ಆದರೆ ವಿಷ ಅಂಟಿದ ಮಾತ್ರಕ್ಕೇ ಕೋಶ ಸಾಯುವುದಿಲ್ಲ. ಸಾವಿನ ತನಕ ಕೊಂಡೊಯ್ಯುವುದು ಕೋಶದ್ದೇ ಸಂಕೇತ ಕಿಣ್ವಗಳು, ಅಂದರೆ ಒಂದರಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವ ಕಿಣ್ವಗಳು. ಪೆಟ್ಟು ತಿಂದ ಮೈಟೊಕಾಂಡ್ರಿಯ ಸೂಪರಾಕ್ಸೈಡ್ ಎಂಬ ಹಾನಿಕರ ಆಮ್ಲಜನಕ ರೂಪವನ್ನು ಉಗುಳಲು ಶುರುಮಾಡುತ್ತದೆ. ಎಎಸ್‌ಕೆ1 ಎಂಬ ಕಿಣ್ವವನ್ನು ಮಾಮೂಲಿಯಾಗಿ ಥಯೊರೆಡಾಕ್ಸಿನ್ ಎಂಬ ಪ್ರೋಟೀನು ಹಿಡಿದಿಟ್ಟಿರುತ್ತದೆ. ಈ ಉತ್ಕರ್ಷಣದಲ್ಲಿ ಹಿಡಿತ ತಪ್ಪುತ್ತದೆ. ಎಎಸ್‌ಕೆ1 ಫಾಸ್ಫೇಟು ಹಚ್ಚಿ ಎಂಕೆಕೆ4 ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ, ಎಂಕೆಕೆ4 ಜೆಎನ್‌ಕೆ ಎಂಬ ಮೂರನೆಯದನ್ನು ಎಬ್ಬಿಸುತ್ತದೆ. ಎಚ್ಚೆತ್ತ ಜೆಎನ್‌ಕೆ ಮೈಟೊಕಾಂಡ್ರಿಯದ ಹೊರಪೊರೆಗೆ ಹೋಗಿ ಅಲ್ಲಿನ ಸ್ಯಾಬ್ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ. ಒಳಗೆ ಶಕ್ತಿ ತಯಾರಿಸುವ ಉಸಿರಾಟದ ಸರಪಳಿ ಕುಂಟುತ್ತದೆ, ಸೂಪರಾಕ್ಸೈಡ್ ಇನ್ನಷ್ಟು ಹುಟ್ಟುತ್ತದೆ, ಅದು ಮತ್ತೆ ಜೆಎನ್‌ಕೆಯನ್ನೇ ಕೆರಳಿಸುತ್ತದೆ. ಬೆಂಕಿ ತನಗೆ ತಾನೇ ತಿದಿಯೊತ್ತಿಕೊಂಡಂತೆ. ಕೊನೆಗೆ ಒಳಪೊರೆಯ ರಂಧ್ರಗಳು ತೆರೆದು ಮೈಟೊಕಾಂಡ್ರಿಯ ಊದಿ ಬಿರಿಯುತ್ತದೆ. ಅಲ್ಲಿಂದ ಹೊರಬಿದ್ದ ಎಂಡೊನ್ಯೂಕ್ಲಿಯೇಸ್-ಜಿ ಎಂಬ ಕಿಣ್ವ ಕೋಶಕೇಂದ್ರ ಹೊಕ್ಕು ಡಿಎನ್‌ಎಯನ್ನು ತುಂಡರಿಸುತ್ತದೆ.

ಸ್ಯಾಬ್‌ನ ಈ ಪಾತ್ರವನ್ನು ತೋರಿಸಿದ್ದು ಲಾಸ್ ಏಂಜಲಿಸ್‌ನಲ್ಲಿ ನೀಲ್ ಕಾಪ್ಲೊವಿಟ್ಜ್ ಅವರ ತಂಡ. ಲಿವರ್‌ನಲ್ಲಿ ಸ್ಯಾಬ್ ಇಲ್ಲದ ಇಲಿಗಳು ಪ್ಯಾರಸಿಟಮಾಲ್ ಹೊಡೆತವನ್ನು ಬಹುಮಟ್ಟಿಗೆ ತಡೆದುಕೊಂಡವು. ಇಂಥ ಪ್ರಯೋಗಗಳಲ್ಲಿ ರಾತ್ರಿ ಉಪವಾಸವಿಟ್ಟ ಇಲಿಗೆ ಕಿಲೋಗೆ ಸುಮಾರು 300 ಮಿಲಿಗ್ರಾಂ ಕೊಡುವುದು ರೂಢಿ. ಇಲ್ಲೊಂದು ಎಚ್ಚರ ಬೇಕು. ಜೆಎನ್‌ಕೆ ತಡೆದರೆ ಲಿವರ್ ಉಳಿಯುತ್ತದೆಯೇ ಎಂದು ನೋಡುವ ಪ್ರಯೋಗಗಳಲ್ಲಿ, ಅದನ್ನು ತಡೆಯುವ ರಾಸಾಯನಿಕವನ್ನು ಕರಗಿಸಲು ಡಿಎಂಎಸ್‌ಒ ಎಂಬ ದ್ರಾವಕ ಬಳಸುತ್ತಾರೆ. ಆ ದ್ರಾವಕ ತಾನೇ ಸಿವೈಪಿ2ಇ1 ಅನ್ನು ಅಡಗಿಸಿ, ನ್ಯಾಪ್‌ಕ್ವಿ ಹುಟ್ಟದಂತೆ ಮಾಡಬಲ್ಲದು. ಬರೀ ದ್ರಾವಕ ಕೊಟ್ಟ ಇಲಿಗಳ ಗುಂಪು ಪಕ್ಕದಲ್ಲಿರದಿದ್ದರೆ ಲಿವರ್ ಉಳಿಸಿದ್ದು ಯಾವುದೆಂದು ಹೇಳುವುದು ಸಾಧ್ಯವಿಲ್ಲ. ಅದನ್ನು ನೋಡದೆ ಅಂಥ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ.

ಜೆಎನ್‌ಕೆಯನ್ನೇ ತಡೆದುಬಿಟ್ಟರಾಯಿತಲ್ಲ ಎನಿಸಬಹುದು. ಅಷ್ಟು ಸರಳವಲ್ಲ. ಸ್ವಲ್ಪ ಹೊತ್ತು ಎಚ್ಚೆತ್ತು ತಣ್ಣಗಾಗುವ ಜೆಎನ್‌ಕೆ ಲಿವರ್ ಮತ್ತೆ ಬೆಳೆಯುವುದಕ್ಕೆ ಬೇಕು. ಹಾನಿ ಮಾಡುವುದು ಗಂಟೆಗಟ್ಟಲೆ ಆರದೆ ಉಳಿದದ್ದು.

ಆಸ್ಪತ್ರೆಯಲ್ಲಿ ಇಂದಿಗೂ ಮೊದಲ ಔಷಧ ಅಸಿಟೈಲ್‌ಸಿಸ್ಟೀನ್. ಅದು ಗ್ಲುಟಾಥಯೋನನ್ನು ಮತ್ತೆ ತುಂಬಿಸುತ್ತದೆ. ಡ್ರಿಪ್ಪಿನ ಹಳೆಯ ಕ್ರಮದಲ್ಲಿ ಮೊದಲ ಒಂದು ಗಂಟೆಯಲ್ಲಿ ಕಿಲೋಗೆ 150 ಮಿಲಿಗ್ರಾಂ, ಮುಂದಿನ 4 ಗಂಟೆಯಲ್ಲಿ 50, ಆಮೇಲಿನ 16 ಗಂಟೆಯಲ್ಲಿ 100. ಮಾತ್ರೆ ನುಂಗಿದ 8 ಗಂಟೆಯೊಳಗೆ ಶುರುವಾದರೆ ಲಿವರ್ ಉಳಿಯುವುದು ಬಹುತೇಕ ಖಚಿತ. ತಡವಾದರೂ ಕೊಡುತ್ತಾರೆ, ಉಪಯೋಗವಿದೆ. ಆದರೆ ಅಷ್ಟರಲ್ಲಿ ಆ ಕಿಣ್ವಗಳ ಸುತ್ತು ಶುರುವಾಗಿರುತ್ತದೆ.

ಮೊದಲ ದಿನ ರೋಗಿಗೆ ವಾಕರಿಕೆ ಬಿಟ್ಟರೆ ಏನೂ ಇರದಿರಬಹುದು, ಅದೂ ಇರದಿರಬಹುದು. ಕಾಮಾಲೆ ಕಾಣಿಸಿಕೊಳ್ಳಲಿ ಎಂದು ಕಾಯಬಾರದು. ಖಾಲಿ ಸ್ಟ್ರಿಪ್ಪುಗಳನ್ನು ಜೊತೆಗೆ ಒಯ್ಯಿರಿ, ಎಷ್ಟು ಗಂಟೆಗೆ ನುಂಗಿದ್ದು ಎಂಬುದನ್ನು ವೈದ್ಯರಿಗೆ ತಿಳಿಸಿ. 4 ಗಂಟೆ ಕಳೆದ ಮೇಲೆ ತೆಗೆದ ರಕ್ತದಲ್ಲಿರುವ ಔಷಧದ ಮಟ್ಟವನ್ನು ಆ ಹೊತ್ತಿನ ಜೊತೆ ತಾಳೆ ನೋಡಿಯೇ ಅವರು ಡ್ರಿಪ್ ಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ.