ಅಂಕಿ ಕೂಡಿಸಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಒಂದರಿಂದ ಒಂಬತ್ತರವರೆಗೆ ಅಂಕಿಗಳನ್ನು ಸಾಲಾಗಿ ಬರೆಯಿರಿ. 12,34,56,789. ಹನ್ನೆರಡು ಕೋಟಿಯ ಮೇಲಾಯಿತು, ಅಲ್ವಾ? ಇದನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಎಷ್ಟು? ಮೊಬೈಲ್ ಕೆಳಗಿಡಿ. ಅಂಕಿ ಕೂಡಿಸಿ ನೋಡಿ. 45 ಬಂತು. ನಾಲ್ಕೂ ಐದೂ ಒಂಬತ್ತು. ಶೇಷವಿಲ್ಲ, ಮುಗೀತು.

ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಕಲಬುರಗಿಯ ಗಂಜ್‌ನಲ್ಲಿ. ಅಲ್ಲಿ ನಮ್ಮ ಸೋದರಮಾವನ ಅಡತಿ ಅಂಗಡಿ ಇತ್ತು. ತೊಗರಿ ಸುಗ್ಗಿ. ರಜೆಯಲ್ಲಿ ಲೆಕ್ಕ ಬರೆಯಲು ನನ್ನನ್ನು ಕೂರಿಸಿದ್ದರು. ಗಣಿತದ ವಿದ್ಯಾರ್ಥಿ ಅಂತ ಸ್ವಲ್ಪ ಜಂಭವೂ ಇತ್ತು. ಒಂದು ಸಂಜೆ ಕಿರ್ದಿಯಲ್ಲಿ 63 ರೂಪಾಯಿ ತಾಳೆಯಾಗಲಿಲ್ಲ. ಮೊದಲ ಪುಟದಿಂದ ಕೂಡಿಸುತ್ತಾ ಬಂದೆ. ಎರಡು ಸಲ ತಂದಿಟ್ಟ ಚಹಾ ಎರಡೂ ಸಲ ಆರಿಹೋಯಿತು. ಮುನೀಮರು ಅಡಕೆ ಕತ್ತರಿಸುತ್ತಾ ಸುಮ್ನೆ ನೋಡುತ್ತಿದ್ದರು. ಕೊನೆಗೆ ಕೇಳಿದರು: ‘ತಮ್ಮಾ, ಎಷ್ಟು ಫರಕ್ ಬರ್ತದ?’

‘ಅರವತ್ತಮೂರ್ರಿ.’

‘ಒಂಬತ್ತೇಳ್ಲೆ ಅರವತ್ತಮೂರು. ಎಲ್ಲೋ ಅಂಕಿ ಅದಲಿಬದಲಿ ಆಗ್ಯಾವ. ಒಂದಕ್ಕೊಂದು ಏಳರ ಫರಕ್ ಇರೋ ಜೋಡಿ ಹುಡುಕು.’

ಮೂರನೇ ಪುಟದಲ್ಲಿ ಸಿಕ್ಕಿತು. 1892 ಅಂತ ಇರಬೇಕಾದಲ್ಲಿ ನಾನೇ 1829 ಅಂತ ಬರೆದಿದ್ದೆ! ಮುನೀಮರು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ನನ್ನ ಜಂಭ ಅಲ್ಲೇ ಇಳಿಯಿತು.

ಯಾಕೆ ಹೀಗೆ? ನೂರು ಚೀಲ ತೊಗರಿ ಇದೆ ಅನ್ನಿ. ಒಂಬತ್ತೊಂಬತ್ತರ ಅಟ್ಟಿ ಹಾಕಿದರೆ ಒಂದು ಚೀಲ ಉಳಿಯುತ್ತದೆ. ಹತ್ತಿದ್ದರೂ ಒಂದೇ, ಸಾವಿರ ಇದ್ದರೂ ಒಂದೇ. ಏಳುನೂರು ಇದ್ದರೆ ಏಳು ಉಳಿಯುತ್ತವೆ. ಅಂದರೆ ಅಂಕಿ ಯಾವ ಮನೆಯಲ್ಲಿ ಕೂತರೂ ಉಳಿಯುವುದು ಅದೇ ಅಂಕಿ. ಜಾಗ ಬದಲಾದರೂ ಶೇಷ ಬದಲಾಗದು. ಹಾಗಾಗಿ ಫರಕ್ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬಂದು ಬೀಳುತ್ತದೆ.

ಈಗ ನಮ್ಮ ಹನ್ನೆರಡು ಕೋಟಿಗೆ ಬನ್ನಿ. ಆ ಒಂಬತ್ತು ಅಂಕಿಗಳನ್ನು 3,62,880 ರೀತಿ ಕಲಸಿ ಬರೆಯಬಹುದು. ಅದರಲ್ಲಿ ಅವಿಭಾಜ್ಯ ಸಂಖ್ಯೆ ಎಷ್ಟು? ಒಂದೂ ಇಲ್ಲ! ಹೇಗೆ ಕಲಸಿದರೂ ಕೂಡಿದರೆ 45. ಅಂಕಿ ಕೂಡಿಸಿ ನೋಡಿ ಅಂದೆನಲ್ಲ, ಇದಕ್ಕೇ. ನಮ್ಮ ಜನ ಗಾಡಿ ನಂಬರಿನ ಅಂಕಿ ಕೂಡಿಸಿ ಅದೃಷ್ಟ ಹುಡುಕುತ್ತಾರೆ, ಅಂಗಡಿ ಬಿಲ್ಲಿನ ತಪ್ಪು ಮಾತ್ರ ಹುಡುಕುವುದಿಲ್ಲ. ಇರಲಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಹೊತ್ತಾಯಿತು. ಬೇಗ ಹೇಳಿಬಿಡುತ್ತೇನೆ. ಈ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಬರುವುದು 3607 ಮತ್ತು 3803ರ ಗುಣಲಬ್ಧ. ಎರಡೂ ಅವಿಭಾಜ್ಯ. ಅವನ್ನು ಹುಡುಕಲು ಬೆರಳು ಸಾಲದು, ಒಪ್ಪಿದೆ. ಮಕ್ಕಳಿಗೊಂದು ಕೆಲಸ: 12,34,56,789ನ್ನು ಎಂಟರಿಂದ ಗುಣಿಸಿ, ಒಂಬತ್ತು ಸೇರಿಸಿ. ಉತ್ತರ ನಾನು ಹೇಳುವುದಿಲ್ಲ. ಕಾಗದದ ಮೇಲೇ ಮಾಡಬೇಕು, ಮೊಬೈಲ್ ಮುಟ್ಟಬಾರದು. ನಮಸ್ಕಾರ.