ಕಾಲಿನ ರಕ್ತನಾಳಕ್ಕೂ ಬಲೂನು

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಎರಡು ನಿಮಿಷದಲ್ಲಿ ಬಿಡುತ್ತದೆ. ಮತ್ತಷ್ಟೇ ದೂರ ನಡೆದರೆ ಮತ್ತೆ ಅದೇ ಕಥೆ. ವಯಸ್ಸಾಯಿತಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಹೀಗೆ ಲೆಕ್ಕವಿಟ್ಟಂತೆ ಬಂದು ಹೋಗುವ ನೋವು, ಸಾಕಷ್ಟು ರಕ್ತ ಸಿಗದ ಸ್ನಾಯುವಿನದ್ದಾಗಿರಬಹುದು. ಕಾಲಿಗೆ ರಕ್ತ ಒಯ್ಯುವ ನಾಳದ, ಅಂದರೆ ಅಪಧಮನಿಯ ಒಳಗೋಡೆಗೆ ಕೊಬ್ಬು, ಸುಣ್ಣ ಕಟ್ಟಿಕೊಂಡು ದಾರಿ ಕಿರಿದಾಗಿರುತ್ತದೆ. ಧೂಮಪಾನ, ಮಧುಮೇಹ ಇದ್ದವರಲ್ಲಿ ಇದು ಹೆಚ್ಚು.

ಮೊದಲ ಪರೀಕ್ಷೆಗೆ ಸೂಜಿಯೂ ಬೇಡ. ಪಾದದ ಗಂಟಿನ ಬಳಿಯ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಉತ್ತರ 0.9 ಅಥವಾ ಅದಕ್ಕೂ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಎಂದು ಅರ್ಥ. ಹಳೆಯ ಮಧುಮೇಹಿಗಳಲ್ಲಿ ನಾಳವೇ ಗಡುಸಾಗಿ ಈ ಲೆಕ್ಕ ತಪ್ಪುವುದುಂಟು. ಅವರಿಗೆ ಕಾಲಿನ ಹೆಬ್ಬೆರಳಲ್ಲಿ ಅಳೆಯುತ್ತಾರೆ.

ಕಿರಿದಾದ ರಕ್ತನಾಳವನ್ನು ಒಳಗಿನಿಂದಲೇ ಹಿಗ್ಗಿಸುವ ಚಿಕಿತ್ಸೆ ಆಂಜಿಯೋಪ್ಲಾಸ್ಟಿ. ಆ ಹೆಸರು ಕೇಳಿದರೆ ಎಲ್ಲರೂ ಎದೆ ಮುಟ್ಟಿಕೊಳ್ಳುತ್ತಾರೆ. ನಿಜವಾಗಿ ಈ ವಿದ್ಯೆ ಹುಟ್ಟಿದ್ದು ಕಾಲಿನಲ್ಲಿ! 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ಕ್ಷಕಿರಣ ತಜ್ಞರ ಬಳಿಗೆ 82 ವರ್ಷದ ಅಜ್ಜಿಯೊಬ್ಬರು ಬಂದರು. ಪಾದ ಕೊಳೆಯತೊಡಗಿತ್ತು, ಕಾಲು ತೆಗೆಯಬೇಕೆಂದರೆ ಅಜ್ಜಿ ಸುತರಾಂ ಒಪ್ಪಲಿಲ್ಲ. ಡಾಟರ್ ತೊಡೆಯ ನಾಳದೊಳಗೆ ತಂತಿ ತೂರಿಸಿ, ಅದರ ಮೇಲೆ ನಳಿಕೆಗಳನ್ನು ಜಾರಿಸಿ ದಾರಿ ಹಿಗ್ಗಿಸಿದರು. ಕಾಲು ಉಳಿಯಿತು. ನಳಿಕೆಯ ತುದಿಗೆ ಗಟ್ಟಿಯಾದ ಬಲೂನು ಕೂರಿಸಿ 1974ರಲ್ಲಿ ಕಾಲಿನ ನಾಳ ಬಿಡಿಸಿದವರು ಸ್ವಿಟ್ಜರ್ಲೆಂಡಿನ ಜೂರಿಕ್‌ನ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್. ಹೃದಯದ ಸರದಿ ಬಂದದ್ದು 1977ರಲ್ಲಿ.

ಇಂದಿಗೂ ಕ್ರಮ ಹೆಚ್ಚುಕಡಿಮೆ ಅದೇ. ತೊಡೆಸಂದಿನಲ್ಲಿ ಸೂಜಿ ಚುಚ್ಚುವಷ್ಟು ಜಾಗ ಮಾತ್ರ ಮರಗಟ್ಟಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಬಲೂನು ಉಬ್ಬಿಸುತ್ತಾರೆ, ಬೇಕಾದರೆ ದಾರಿ ತೆರೆದಿಡುವ ಬಲೆಯಂಥ ಲೋಹದ ನಳಿಕೆ, ಅಂದರೆ ಸ್ಟೆಂಟ್ ಇಡುತ್ತಾರೆ. ಮೊಣಕಾಲಿನ ಹಿಂದೆ ಮಾತ್ರ ಸ್ಟೆಂಟ್ ಇಡಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ, ಮಡಚಿ ಬಿಚ್ಚಿ ಅದು ಮುರಿಯಬಹುದು. ನಾಳದ ಚಿತ್ರ ತೆಗೆಯಲು ಹಾಕುವ ಬಣ್ಣದ್ರವ ಮೂತ್ರಪಿಂಡಕ್ಕೆ ಭಾರವಾಗಬಹುದು. ಕಿಡ್ನಿ ತೊಂದರೆಯಿದ್ದರೆ ಮೊದಲೇ ಹೇಳಿ.

ಹಾಗೆಂದು ನಡೆದಾಗ ನೋಯುವ ಪ್ರತಿಯೊಂದು ಕಾಲಿಗೂ ಬಲೂನು ಬೇಕಿಲ್ಲ. ಬಿಡಿಸಿದ ನಾಳ ಮತ್ತೆ ಕಟ್ಟಿಕೊಳ್ಳಬಹುದು. ಧೂಮಪಾನ ಬಿಟ್ಟು, ವೈದ್ಯರು ಬರೆದ ಮಾತ್ರೆ ತಪ್ಪಿಸದೆ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸ ತಿಂಗಳುಗಟ್ಟಲೆ ಮಾಡಿದರೆ ಅನೇಕರು ಮೊದಲಿಗಿಂತ ಬಹಳ ದೂರ ನಡೆಯುತ್ತಾರೆ. ನನ್ನ ಮಟ್ಟಿಗೆ ಮೊದಲ ಮದ್ದು ಅದೇ.

ಆದರೆ ರಾತ್ರಿ ಮಲಗಿದಾಗ ಪಾದ ಉರಿದು, ಮಂಚದಿಂದ ಇಳಿಬಿಟ್ಟರೆ ಹಾಯೆನಿಸುತ್ತಿದ್ದರೆ, ಬೆರಳಿನ ಗಾಯ ಮಾಯದಿದ್ದರೆ, ತಡಮಾಡಬೇಡಿ. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದರೆ ಕಾಲು ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ. ಆಗ ನೇರವಾಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಿ.

ನಮಸ್ಕಾರ.