ಹುಲಿಯನನ್ನು ಸೆಳೆದೊಯ್ದ ಹೊಳೆ

ಈಗ ನಿಮಗೆ ಕಾಣುತ್ತಿರುವುದು ತೀರ್ಥಹಳ್ಳಿಯಲ್ಲಿ ಕೆಂಪಾಗಿ, ದಡ ತುಂಬಿ ಹರಿಯುತ್ತಿರುವ ತುಂಗಾ ನದಿ. ಕುವೆಂಪು ಅವರ ಊರಾದ ಕುಪ್ಪಳಿಗೆ ಹೋಗಬೇಕೆಂದು ಹೊರಟಿದ್ದೆ. ಬೆಳಗಿನಿಂದ ಮಳೆ ಹೊಳವಾಗದ ಕಾರಣ ಇಲ್ಲಿಯೇ ನಿಂತು, ಕಾದಂಬರಿಯೊಂದನ್ನು ಓದುವಾಗ ನಾನು ಗಮನಿಸುವ ಕೆಲವು ಸಂಗತಿಗಳನ್ನು ನಿಮಗೆ ಹೇಳುತ್ತಿದ್ದೇನೆ.

ಶಾಲೆಯಲ್ಲಿ ನಾವು ವಸ್ತು, ಪಾತ್ರ, ಆವರಣ, ಸಂಘರ್ಷ, ನಿರೂಪಣೆ ಎಂದು ಕಥೆಯ ಅಂಗಗಳನ್ನು ಬಾಯಿಪಾಠ ಮಾಡಿದ್ದೆವು. ಆವರಣ ಯಾವುದು ಎಂಬ ಪ್ರಶ್ನೆಗೆ ‘ಮಲೆನಾಡು’ ಎಂದು ಬರೆದರೆ ಸಾಕು, ಅಂಕ ಸಿಗುತ್ತಿತ್ತು. ಆ ಉತ್ತರ ತಪ್ಪಲ್ಲ, ಆದರೆ ಅದರಿಂದ ಕಥೆಯೊಳಗೆ ಒಂದು ಹೆಜ್ಜೆಯನ್ನೂ ಇಡಲಾಗುವುದಿಲ್ಲ.

1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೇ ನೋಡಿ. ಅದರ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದವರು ಕಾಡು, ಗುಡ್ಡ, ಹಳ್ಳಗಳನ್ನು ದಾಟಿ ನಡೆಯಬೇಕಾಗಿದ್ದುದರಿಂದ, ಭೇಟಿ, ಭಯ, ಗುಟ್ಟಿನ ಮಾತುಗಳೆಲ್ಲವೂ ದಾರಿಯಲ್ಲಿಯೇ ನಡೆಯುತ್ತವೆ. ಗುತ್ತಿ ಎಂಬವನು ಮತ್ತು ‘ಹುಲಿಯ’ ಎಂಬ ಅವನ ನಾಯಿ ನಮಗೆ ಪರಿಚಯವಾಗುವುದೂ ನಡಿಗೆಯಲ್ಲಿಯೇ. ಒಡೆಯನನ್ನು ಬಿಟ್ಟಿರಲಾರದ ಆ ನಾಯಿಯನ್ನು ಕೊನೆಗೆ ಇದೇ ತುಂಗೆಯ ಪ್ರವಾಹ ಸೆಳೆದೊಯ್ಯುತ್ತದೆ. ಹುಲಿಯನ ನಿಷ್ಠೆ ಪಾತ್ರಗುಣ; ಮಳೆಗಾಲದ ಹೊಳೆ ಆವರಣ; ಇವೆರಡೂ ಒಂದಕ್ಕೊಂದು ಎದುರಾದ ಗಳಿಗೆಯಲ್ಲಿ ಹುಟ್ಟುವುದು ಕಥೆಯ ಹಂದರ. ಕಥೆಯನ್ನು ನದಿಯಿಲ್ಲದ ಬಯಲಿಗೆ ಒಯ್ದುಬಿಡಿ, ಹುಲಿಯ ಬದುಕುತ್ತಾನೆ, ಆದರೆ ಆ ಕಾದಂಬರಿ ಉಳಿಯುವುದಿಲ್ಲ. ಎಷ್ಟು ಸಲ ಓದಿದ್ದರೂ ಆ ಪುಟಗಳ ಬಳಿ ಬಂದಾಗ ನನಗೆ ಗಂಟಲು ಕಟ್ಟುತ್ತದೆ.

ಸಂಘರ್ಷವೆಂದರೆ ಇಬ್ಬರ ಜಗಳವೆಂದು ನಾವು ಸುಲಭವಾಗಿ ತಿಳಿದುಬಿಡುತ್ತೇವೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ದಲ್ಲಿ, ಬ್ರಾಹ್ಮಣರ ಆಚಾರಗಳನ್ನು ಮೀರಿ ಬದುಕಿದ ನಾರಣಪ್ಪ ಸತ್ತ ಮೇಲೆ ಅವನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ, ಅದು ತೀರುವ ತನಕ ಅಗ್ರಹಾರದವರು ಊಟ ಮಾಡುವಂತಿಲ್ಲ. ಹೀಗೆ ಊರಿನ ಸಮಸ್ಯೆಯಾಗಿ ಮೊದಲಾದದ್ದು, ಉತ್ತರ ಹುಡುಕಬೇಕಾದ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಒಳಗನ್ನೇ ಕಲಕುತ್ತದೆ.

ಇನ್ನು ನಿರೂಪಣೆ. ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂಬುದನ್ನು ಓದುಗರು ಬಹಳ ಬೇಗ ಮರೆಯುತ್ತಾರೆ, ನಾನೂ ಮರೆತಿದ್ದೇನೆ. ಪೂರ್ಣಚಂದ್ರ ತೇಜಸ್ವಿ ಅವರ ‘ಕರ್ವಾಲೊ’ದಲ್ಲಿ ಕಥೆ ಹೇಳುವವನು ಒಬ್ಬ ಕೃಷಿಕ. ಅವನ ಕಣ್ಣಿಗೆ ಮಂದಣ್ಣ ಹಳ್ಳಿಯ ಒಬ್ಬ ಸಾಮಾನ್ಯ ಹುಡುಗ; ಅದೇ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಗೌರವದಿಂದ ಕಾಣುವುದು ಅವನಿಗೆ ಒಗಟಾಗುತ್ತದೆ. ಆ ಒಗಟು ಬಿಡಿಸಿಕೊಳ್ಳುತ್ತ ಹೋದಂತೆ ನಿರೂಪಕನ ನೋಟ ಬದಲಾಗುತ್ತದೆ, ಅವನ ಜೊತೆಗೆ ನಮ್ಮದೂ ಬದಲಾಗುತ್ತದೆ. ಮಂದಣ್ಣನೇ ತನ್ನ ಕಥೆಯನ್ನು ಹೇಳಿಕೊಂಡಿದ್ದರೆ, ಅವನನ್ನು ಅಷ್ಟು ತಡವಾಗಿ ಗುರುತಿಸುವ ಸಂತೋಷ ನಮಗೆ ಸಿಗುತ್ತಿರಲಿಲ್ಲ.